ಮಗಳಿಗೊಂದು ಪತ್ರ: ಗ್ರಹಣದ ದಿನದ ಸೀಬೆಹಣ್ಣು

ಮೈಸೂರು
ಭಾನುವಾರ ಸಂಜೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿದೆ ಅಂತ ಸುಳ್ಳು ಹೇಳಿ ಫೋನ್ ಇಟ್ಟುಬಿಟ್ಟೆ. "ಅಮ್ಮಾ, ನಾನು ಹೊಟ್ಟೆಯಲ್ಲಿದ್ದಾಗಲೇ ತುಟಿ ಸೀಳಿದೆ ಅಂತ ಗೊತ್ತಾಗಿದ್ದರೆ, ಅಲ್ಲೇ ಸರಿ ಮಾಡೋಕೂ ಆಗಿದ್ದರೆ, ಮಾಡಿಸ್ತಿದ್ದೆಯಾ?" ಗುರುವಾರ ನಿನ್ನ ಸ್ಕ್ಯಾನ್ ಇದೆ, ಅದಕ್ಕೇ ಈ ಪ್ರಶ್ನೆ ಅಂತ ನನಗೆ ಆಗಲೇ ಹೊಳೆದಿತ್ತು.

ಮಾಡಿಸ್ತಿದ್ದೆ ಕಣೆ. ಹಿಂದೆಮುಂದೆ ನೋಡದೆ ಮಾಡಿಸ್ತಿದ್ದೆ. ನಾಲ್ಕು ತಿಂಗಳ ಕೂಸನ್ನು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ಕೈಗೆ ಕೊಟ್ಟು ಬಂದವಳಿಗೆ ಆ ಹೊತ್ತಿನಲ್ಲಿ ಯಾವ ತತ್ವಶಾಸ್ತ್ರವೂ ನೆನಪಾಗುವುದಿಲ್ಲ.

ಗ್ರಹಣದ ಕತೆ ನಿನಗೆ ಅರ್ಧ ಗೊತ್ತು. ಪೂರ್ತಿ ಹೇಳುತ್ತೇನೆ. 1995ರ ಅಕ್ಟೋಬರ್ 24, ದೀಪಾವಳಿ ಅಮಾವಾಸ್ಯೆ. ಉತ್ತರ ಭಾರತದಲ್ಲಿ ಖಗ್ರಾಸ ಗ್ರಹಣ, ನಮ್ಮ ಕಡೆ ಪಾರ್ಶ್ವ. ನನಗೆ ಆಗ ಐದು ತಿಂಗಳು. ನಿಮ್ಮಜ್ಜಿ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ನೀರಿನ ಕೊಡಕ್ಕೆ ದರ್ಭೆ ಹಾಕಿ, ನನ್ನನ್ನು ನಡುಮನೆಯಲ್ಲಿ ಕೂರಿಸಿದ್ದರು. ಹಸಿವು ತಡೆಯಲಿಲ್ಲ. ಕಳ್ಳಬೆಕ್ಕಿನ ಹಾಗೆ ಅಡುಗೆಮನೆಗೆ ನುಗ್ಗಿ, ಈಳಿಗೆಮಣೆ ಎಳೆದುಕೊಂಡು ಒಂದು ಸೀಬೆಹಣ್ಣು ಹೆಚ್ಚಿ, ಉಪ್ಪು ಖಾರ ಹಚ್ಚಿ ತಿಂದೆ. ಸಿಕ್ಕಿಬಿದ್ದೆ. ನೀನು ಹುಟ್ಟಿದ ದಿನ ಅಜ್ಜಿ ಜೋರಾಗೇನೂ ಹೇಳಲಿಲ್ಲ. "ಅವತ್ತೇ ಬಡಕೊಂಡೆ" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ತುಟಿ ಕೂಡಿಕೊಳ್ಳುವ ಕೆಲಸ ಮೊದಲ ಎರಡು ತಿಂಗಳಲ್ಲೇ ಮುಗಿದುಹೋಗುತ್ತದೆ ಅಂತ ಡಾಕ್ಟರು ಹೇಳಿದರು. ಐದನೇ ತಿಂಗಳಲ್ಲಿ ತಿಂದ ಹಣ್ಣು ಏನು ತಾನೆ ಮಾಡೀತು? ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದವಳು ನಾನು. ಆದರೂ ಎಷ್ಟೋ ವರ್ಷ ಸೀಬೆಹಣ್ಣು ಮುಟ್ಟಲಿಲ್ಲ.

ಎರಡು ಆಪರೇಷನ್ ಆದ ಮೇಲೂ ನಿನ್ನ "ಪಾಪು" ಮೂಗಿನಲ್ಲಿ ಸೋರಿ "ಮಾಮು" ಆಗುತ್ತಿತ್ತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಎತ್ತಿಕೊಂಡು ಓಡಾಡಿದ ದಿನಗಳವು. ಅಲ್ಲಿನ ಮೇಡಂ ನಿನ್ನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು "ಪ" ಅನ್ನಿಸುತ್ತಿದ್ದರು. ಕನ್ನಡಿ ಮಬ್ಬಾದರೆ ಗಾಳಿ ಮೂಗಿನಿಂದ ಹೋಯಿತು ಅಂತ ಅರ್ಥ. ಮನೆಯಲ್ಲಿ ಕುಂಕುಮದ ಭರಣಿಯ ಕನ್ನಡಿ ಹಿಡಿದು ನಾವೂ ಅದನ್ನೇ ಮಾಡುತ್ತಿದ್ದೆವು. ಮಬ್ಬಾಗದ ದಿನ ನೀನು ಕುಣಿಯುತ್ತಿದ್ದೆ.

ಯೂರ್ಗನ್ ಹಾಬರ್ಮಾಸ್ ಅನ್ನುವ ಜರ್ಮನ್ ತತ್ವಜ್ಞಾನಿಯನ್ನು ನಾನು ಮೊದಲು ಓದಿದ್ದು ಪಾಠಕ್ಕೆ ಅಂತ. ಒಣ ಬರವಣಿಗೆ, ನಿಜ ಹೇಳಬೇಕೆಂದರೆ ನಿದ್ದೆ ಬರುತ್ತಿತ್ತು. ಆಮೇಲೆ 2004ರಲ್ಲಿ ಜಪಾನಿನ ಕ್ಯೋಟೊದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗ ಆತ ತನ್ನ ಬಗ್ಗೆ ಆಡಿದ ಮಾತು ಓದಿದೆ. 1929ರಲ್ಲಿ ಹುಟ್ಟಿದ ಅವರಿಗೂ ನಿನ್ನ ಹಾಗೆ ಸೀಳಂಗಳ, ಅಂದರೆ ಬಾಯಿಯ ಮೇಲ್ಭಾಗದಲ್ಲೇ ಸೀಳು! ಚಿಕ್ಕಂದಿನಲ್ಲೇ ಆಪರೇಷನ್, ಶಾಲೆಯಲ್ಲಿ ಇವರ ಮಾತು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲವಂತೆ. ಮಾತು, ಸಂವಾದ ಅಂತ ಜೀವನಪೂರ್ತಿ ಬರೆದವರು ಇವರು. ಅವತ್ತಿನಿಂದ ನನಗೆ ಆ ಪುಸ್ತಕಗಳಲ್ಲಿ ನಿದ್ದೆ ಬಂದಿಲ್ಲ.

ನಿನ್ನ ಪ್ರಶ್ನೆಯನ್ನೇ ಅವರು 2001ರಲ್ಲಿ ಒಂದು ಪುಸ್ತಕದಲ್ಲಿ ಎತ್ತಿಕೊಂಡಿದ್ದರು. ಕಾಯಿಲೆ ವಾಸಿ ಮಾಡುವುದು ಸರಿ, ಹುಟ್ಟುವ ಮಗುವೇ ಅದಕ್ಕೆ ಒಪ್ಪಿಗೆ ಕೊಟ್ಟೀತು ಅಂದುಕೊಳ್ಳಬಹುದು. ಆದರೆ ಅಪ್ಪ ಅಮ್ಮ ತಮ್ಮಿಷ್ಟಕ್ಕೆ ತಕ್ಕ ಹಾಗೆ ಮಗುವಿನ ಜೀನುಗಳನ್ನೇ ತಿದ್ದಿದರೆ? ನಿನ್ನನ್ನು ಸಂಗೀತಕ್ಕೆ ಸೇರಿಸಿದ್ದು ನೆನಪಿದೆಯಾ? ಹದಿಮೂರನೇ ವರ್ಷಕ್ಕೆ ಶ್ರುತಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ "ನಿನ್ನ ಆಸೆ ನನ್ನ ತಲೆ ಮೇಲೆ ಹಾಕಬೇಡ" ಅಂದೆ. ಮೂರು ದಿನ ಮಾತು ಬಿಟ್ಟಿದ್ದೆವು. ಬೆಳೆಸಿದ ರೀತಿಯ ಮೇಲೆ ಮಕ್ಕಳು ಹೀಗೆ ತಿರುಗಿಬೀಳಬಹುದು. ಮೈಯಲ್ಲೇ ಬರೆದಿಟ್ಟಿದ್ದರೆ ಯಾರ ಹತ್ತಿರ ಜಗಳ ಆಡುವುದು? ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ 2018ರಲ್ಲಿ ಅವಳಿ ಹೆಣ್ಣುಮಕ್ಕಳ ಜೀನ್ ತಿದ್ದಿದ್ದೇನೆ ಅಂತ ಹೇಳಿಕೊಂಡ, ಮುಂದಿನ ವರ್ಷ ಜೈಲಾಯಿತು. ಆ ಮಕ್ಕಳು ದೊಡ್ಡವರಾದ ಮೇಲೆ ಏನು ಕೇಳುತ್ತಾರೋ ಅಂತ ಆಗಾಗ ಯೋಚಿಸುತ್ತೇನೆ. ಜೀನ್ ಅಂದರೆ ಹಣೆಬರಹ ಅಲ್ಲ, ಹಾಬರ್ಮಾಸ್ ಜಾಸ್ತಿ ಹೆದರಿದರು ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಸ್ಕ್ಯಾನಿಂಗ್ ಸೆಂಟರುಗಳಲ್ಲೆಲ್ಲ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅಂತ ಬೋರ್ಡು ಹಾಕಿಸಬೇಕಾದ ದೇಶ ನಮ್ಮದು. ಅದಕ್ಕೆ 1994ರಲ್ಲೇ ಕಾನೂನು ಬೇಕಾಯಿತು. ಹೆತ್ತವರ ಕೈಗೆ ಯಂತ್ರ ಸಿಕ್ಕರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಪುಸ್ತಕ ಬಂದ 2001ರಲ್ಲೇ, ಅಕ್ಟೋಬರ್ 14ರಂದು ಫ್ರಾಂಕ್‌ಫರ್ಟಿನಲ್ಲಿ ಹಾಬರ್ಮಾಸ್ ಭಾಷಣ ಮಾಡಿದರು. ಅಮೆರಿಕದ ಅವಳಿ ಗೋಪುರ ಬಿದ್ದು ತಿಂಗಳಾಗಿತ್ತಷ್ಟೆ. ಧರ್ಮದ ಬಗ್ಗೆ ಎಲ್ಲರೂ ಬೆಂಕಿಯಾಗಿದ್ದ ಹೊತ್ತಿನಲ್ಲಿ, ದೇವರನ್ನು ನಂಬದ ಈ ಮನುಷ್ಯ ಬೇರೆಯೇ ಮಾತಾಡಿದರು. ಧರ್ಮದ ಮಾತುಗಳನ್ನು ಸುಮ್ನೆ ಗುಡಿಸಿ ಹಾಕಬೇಡಿ, ಎಲ್ಲರಿಗೂ ತಿಳಿಯುವ ಮಾತಿಗೆ ತಿರುಗಿಸಿಕೊಳ್ಳಿ ಅಂದರು. ಪಾಪ ಅನ್ನುವುದು ಬರೀ ತಪ್ಪು ಆದಾಗ ಏನೋ ಒಂದು ಕಳೆದುಹೋಯಿತು ಅಂದರು. ಮನುಷ್ಯನನ್ನು ದೇವರು ಮಾಡಿದ ಅನ್ನುವ ಬೈಬಲ್ ಮಾತಿನಲ್ಲಿ ನಂಬದವರಿಗೂ ಒಂದು ಅರ್ಥ ಇದೆ: ಇನ್ನೊಬ್ಬ ಮನುಷ್ಯ ನಿನ್ನನ್ನು ಮಾಡಿದ್ದಲ್ಲ. ಆದ್ದರಿಂದ ಯಾರಿಗೂ ನಿನ್ನ ಮೇಲೆ ಹಕ್ಕಿಲ್ಲ.

ಇದನ್ನು ಓದಿ ನನಗೆ ಮೊದಲು ಕಂಡವರು ನಿಮ್ಮಜ್ಜಿ. ಗ್ರಹಣವನ್ನು ಯಾವ ಮಾತಿಗೆ ತಿರುಗಿಸುವುದು? ಅದರ ಒಳಗೆ ಇದ್ದದ್ದು ಇಷ್ಟೇ: ತಾಯಿಯ ತಪ್ಪು. ಪೂರ್ವಜನ್ಮದ ಕರ್ಮ ಅಂದವರದೂ ಅದೇ ರಾಗ. ಈ ವಿಷಯದಲ್ಲಿ ಹಾಬರ್ಮಾಸ್‌ಗೆ ನನ್ನ ತಕರಾರಿದೆ. ಕೆಲವನ್ನು ತಿರುಗಿಸಬೇಕಾಗಿಲ್ಲ, ಗುಡಿಸಿಯೇ ಹಾಕಬೇಕು. ಆದರೆ ಅದೇ ಅಜ್ಜಿ, ಹಾಲು ಮೂಗಿನಿಂದ ಬರುವ ಕೂಸಿಗೆ ರಾತ್ರಿಯೆಲ್ಲ ಕೂತು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದರು. ಬಂದವರು ಮುಖ ನೋಡಿ ಲೊಚಗುಟ್ಟಿದರೆ "ದೇವರು ಕೊಟ್ಟದ್ದು, ನಿಮಗೇನು ಕಷ್ಟ?" ಅಂತ ಬಾಯಿ ಮುಚ್ಚಿಸುತ್ತಿದ್ದರು. ಮಕ್ಕಳು ನಾವು ಆರಿಸಿ ತಂದ ಸಾಮಾನಲ್ಲ, ಕೊಡುಗೆ ಅಂತ ಅಮೆರಿಕದ ತತ್ವಜ್ಞಾನಿ ಮೈಕೆಲ್ ಸ್ಯಾಂಡೆಲ್ 2007ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಜ್ಜಿಗೆ ಅದು ಒಂದು ಸಾಲಿನ ಮಾತು.

ಈಗ ನನಗೆ ಕಸಿವಿಸಿ ಆಗುವುದು ಬೇರೆಯದಕ್ಕೆ. ಗ್ರಹಣದ ಜಾಗಕ್ಕೆ ಸ್ಕ್ಯಾನ್ ಬಂದು ಕೂತಿದೆ. "ಅವತ್ತೇ ಬಡಕೊಂಡೆ" ಅನ್ನುತ್ತಿದ್ದವರು ನಾಳೆ "ಮೊದಲೇ ಗೊತ್ತಿತ್ತಲ್ಲ, ಮತ್ಯಾಕೆ?" ಅನ್ನಬಹುದು. ಹಾಗೆ ಅಂದವರ ಫೋನ್ ನಂಬರ್ ನನಗೆ ಕೊಡು.

ಸ್ಕ್ಯಾನ್ ಮಾಡಿಸಿಕೋ. ಅದರಲ್ಲಿ ಮುಚ್ಚುಮರೆ ಬೇಡ. ತುಟಿ ಕಂಡರೂ ಅಂಗಳ ಸರಿಯಾಗಿ ಕಾಣದೆ ಹೋಗಬಹುದು, ಅದನ್ನು ಡಾಕ್ಟರನ್ನೇ ಕೇಳು. ಮುಂದಿನದು ನೀವಿಬ್ಬರೂ ಕೂತು ಮಾತಾಡುವ ವಿಷಯ, ನಾನು ಬಾಯಿ ಹಾಕುವುದಿಲ್ಲ.

ಕುಂಕುಮದ ಭರಣಿ ಬೀರುವಿನಲ್ಲೇ ಇದೆ. ಶನಿವಾರದ ರೈಲಿಗೆ ಟಿಕೆಟ್ ಆಗಿದೆ. ನಿಮ್ಮಪ್ಪ ಸೀಬೆಹಣ್ಣು ಕಟ್ಟಿ ಕಳಿಸುತ್ತಾರಂತೆ. ಗುರುವಾರ ಮೊದಲು ಊಟ ಮಾಡು, ಆಮೇಲೆ ಫೋನ್ ಮಾಡು. ಈ ಸಲ ಒಲೆ ಮೇಲೆ ಹಾಲು ಇರಲ್ಲ.

ನಿನ್ನ
ಅಮ್ಮ