ಅರಿವು ಕೇಂದ್ರದಲ್ಲಿ ಹಾರುವ ಓತಿಗೂ ಒಂದು ಕಪಾಟು ಕೊಡಿ

ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ,
ಜಿಲ್ಲಾ ಪಂಚಾಯಿತಿ, ಶಿವಮೊಗ್ಗ

ಮಾನ್ಯರೇ,

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಇರಲಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲೇ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿಗೆಂದು ಒಂದು ಕಪಾಟು ಮೀಸಲಿಡಿ ಎಂಬುದು ನಮ್ಮ ಕೋರಿಕೆ.

ಇದರಿಂದ ವಿಜ್ಞಾನದಲ್ಲಿ ಅಂಕ ಹೆಚ್ಚುತ್ತದೆ ಎಂದು ನಾವು ಹೇಳುತ್ತಿಲ್ಲ. ವೈಜ್ಞಾನಿಕ ಕಥೆಯ ಕೆಲಸ ಬೇರೆ. ಲೋಕದ ಒಂದು ಸಂಗತಿಯನ್ನು ಬದಲಿಸಿ, ಅದರ ಬೆನ್ನಿಗೆ ಏನೇನು ಬದಲಾಗುತ್ತದೆ ಎಂದು ಕೊನೆಯವರೆಗೂ ಲೆಕ್ಕ ಹಾಕುವುದು. ಬಂಗಾಳದ ರುಕೈಯಾ ಸಖಾವತ್ ಹುಸೇನ್ 1905ರಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಹೆಂಗಸರು ಹೊರಗೆ, ಗಂಡಸರು ಪರದೆಯೊಳಗೆ. ಅಷ್ಟು ತಿರುಗಿಸಿದ ಮೇಲೆ ಅಡುಗೆ ಬಿಸಿಲಿನ ಶಾಖದಲ್ಲಿ ಬೇಯುತ್ತದೆ, ಯುದ್ಧ ಗೆಲ್ಲುವ ದಾರಿಯೂ ಬೇರೆಯಾಗುತ್ತದೆ.

ಶರಾವತಿ ಕಣಿವೆಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ ಬರುತ್ತದೆ ಎಂದು ಹೇಳಲು ಎಂಜಿನಿಯರ್ ಸಾಕು. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಸಾಗರಕ್ಕೆ ಹೋಗಲು ದಶಕಗಟ್ಟಲೆ ಲಾಂಚ್ ನಂಬಿಕೊಂಡಿರಬೇಕಾಗುತ್ತದೆ ಎಂದು ಕಾಣಲು ಇನ್ನೊಂದು ಬಗೆಯ ಕಣ್ಣು ಬೇಕು. ಈ ಓದು ಬೆಳೆಸುವುದು ಅದನ್ನೇ.

ಫ್ಯಾಂಟಸಿ ಮೂಢನಂಬಿಕೆ ಬೆಳೆಸುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಯಕ್ಷಗಾನದ ಸಭೆ ನೋಡಿ. ಬಣ್ಣದ ವೇಷ ಅಬ್ಬರಿಸಿದರೆ ಯಾರೂ ತಕರಾರು ಎತ್ತುವುದಿಲ್ಲ. ಮೊದಲು ಕೊಟ್ಟ ವರ ಬೆಳಗಿನ ಜಾವಕ್ಕೆ ಮರೆತುಹೋದರೆ ಸುಮ್ಮನಿರುವುದಿಲ್ಲ. ಮಾಯಾಲೋಕದ ನಿಯಮ ಎಂಥದಾದರೂ ಇರಲಿ, ಹಾಕಿದ ಮೇಲೆ ಲೇಖಕನೂ ಮುರಿಯುವಂತಿಲ್ಲ. ಮುರಿದನೋ ಇಲ್ಲವೋ ಎಂದು ಕಾಯುವುದರಲ್ಲೇ ಅರ್ಧ ಮಜಾ ಇದೆ.

ಇನ್ನು ಖರೀದಿ. ಒಂದು ಕೇಂದ್ರಕ್ಕೆ 40 ಪುಸ್ತಕ ಸಾಕು, ಅರ್ಧಕ್ಕಿಂತ ಹೆಚ್ಚು ಸಣ್ಣಕಥೆಗಳಿರಲಿ. ನೇರವಾಗಿ 400 ಪುಟದ ಕಾದಂಬರಿ ಹಿಡಿದ ಮಕ್ಕಳು ಮೂವತ್ತನೇ ಪುಟದ ಹೊತ್ತಿಗೆ ಕೈಬಿಡುತ್ತಾರೆ, ಏಕೆಂದರೆ ಹೊಸ ಲೋಕದ ಹೆಸರುಗಳು ಆಗಿನ್ನೂ ತಲೆಯಲ್ಲಿ ಕೂತಿರುವುದಿಲ್ಲ. ಕನ್ನಡದಲ್ಲೇ ಬರೆದ ರಾಜಶೇಖರ ಭೂಸನೂರಮಠರಂಥವರ ಪುಸ್ತಕ ಮೊದಲು ಬರಲಿ. ತೇಜಸ್ವಿಯವರ ‘ಕರ್ವಾಲೊ’ ಕಟ್ಟುನಿಟ್ಟಾಗಿ ವೈಜ್ಞಾನಿಕ ಕಥೆಯಲ್ಲ, ಆದರೂ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗಿಳಿದ ಓದುಗ ಮುಂದಿನ ಪುಸ್ತಕ ತಾನೇ ಕೇಳುತ್ತಾನೆ. ಅನುವಾದಗಳಲ್ಲಿ ಅನುವಾದಕರ ಹೆಸರಿಲ್ಲದ, ಸಂಕ್ಷಿಪ್ತವೆಂದು ಹೇಳದೆ ಎಂಬತ್ತು ಪುಟಕ್ಕೆ ಕತ್ತರಿಸಿದ ಪ್ರತಿಗಳನ್ನು ಬಿಟ್ಟುಬಿಡಿ.

ಸರಣಿಗಳದ್ದು ದೊಡ್ಡ ತಾಪತ್ರಯ. ಸಗಟು ಖರೀದಿಯಲ್ಲಿ ಮೂರನೇ ಭಾಗ ಬಂದು ಮೊದಲನೆಯದು ಬಾರದಿದ್ದರೆ ಮೂರನೆಯದು ದಂಡ. ಪೂರ್ತಿ ಸರಣಿ ಸಿಕ್ಕರೆ ಮಾತ್ರ ಕೊಳ್ಳಿ. ಎಲ್ಲರೂ ಒಯ್ಯುವುದು ಮೊದಲನೇ ಭಾಗವನ್ನೇ, ಹಾಗಾಗಿ ಅದರದು ಎರಡು ಪ್ರತಿ ಇರಲಿ. ಫ್ಯಾಂಟಸಿಯಲ್ಲಿ ಮೊದಲು ಹರಿಯುವುದು ನಕ್ಷೆಯ ಪುಟ. ಬಂದ ದಿನವೇ ಅದರ ಜೆರಾಕ್ಸ್ ತೆಗೆದು ಹಿಂಬದಿ ರಟ್ಟಿನ ಒಳಗೆ ಅಂಟಿಸಬೇಕು.

ಜೋಡಿಸುವಾಗ ಒಂದು ಎಚ್ಚರ. ಮುಖಪುಟದಲ್ಲಿ ರಾಕೆಟ್ ಕಂಡ ತಕ್ಷಣ ಪುಸ್ತಕ, ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯ 500ಕ್ಕೆ, ಅಂದರೆ ವಿಜ್ಞಾನಕ್ಕೆ ಹೋಗಿಬಿಡುತ್ತದೆ. ಕನ್ನಡದಲ್ಲೇ ಬರೆದ ಕಥೆಯಾದರೆ ಅದರ ಜಾಗ 894.814, ಕನ್ನಡ ಸಾಹಿತ್ಯ. ಬೆನ್ನಿಗೊಂದು ಬಣ್ಣದ ಚೀಟಿ ಅಂಟಿಸಿದರೆ ಗೊಂದಲ ಮುಗಿಯಿತು.

ನಮ್ಮ ಮಳೆಗಾಲದ್ದು ಬೇರೆಯೇ ಕಥೆ. ಗಾಳಿಯ ತೇವಾಂಶ ಶೇ 65 ದಾಟಿದ ಮೇಲೆ ಕಾಗದಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ, ಮುಚ್ಚಿದ ಸ್ಟೀಲ್ ಬೀರುವಿನಲ್ಲಂತೂ ಇನ್ನೂ ಬೇಗ. ಕಪಾಟು ಗೋಡೆಯಿಂದ ಅರ್ಧ ಅಡಿ ಈಚೆಗಿರಲಿ, ಕೆಳಗಿನ ಹಲಗೆ ಖಾಲಿ ಇರಲಿ, ಪುಸ್ತಕಗಳನ್ನು ಒತ್ತಿ ತುಂಬಬೇಡಿ. ಪ್ಲಾಸ್ಟಿಕ್ ಹೊದಿಕೆ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಹಾಗಾಗಿ ಖಾಕಿ ಕಾಗದವೇ ಮೇಲು. ಬೂಷ್ಟು ಬಂದರೆ ಒದ್ದೆ ಬಟ್ಟೆ ಮುಟ್ಟಿಸದೆ, ಹೊರಗೊಯ್ದು ಆರಿಸಿ ಒಣ ಬಟ್ಟೆಯಲ್ಲಿ ಒರೆಸಬೇಕು.

ದಯವಿಟ್ಟು ಈ ಪುಸ್ತಕಗಳ ಮೇಲೆ ರಸಪ್ರಶ್ನೆ ಇಡಬೇಡಿ. ಶನಿವಾರ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ, ಕಥೆ ತಿರುಗುವ ಕಡೆ ನಿಲ್ಲಿಸಿ, ‘ಇದು ಹೀಗಾದರೆ ನಮ್ಮೂರಲ್ಲಿ ಏನೇನು ಬದಲಾಗುತ್ತಿತ್ತು?’ ಎಂದು ಕೇಳಿದರೆ ಸಾಕು. ಉಳಿದದ್ದನ್ನು ಮನೆಗೊಯ್ದು ಓದಲು ಆ ಪುಸ್ತಕದ ಮೂರು ಪ್ರತಿಯಾದರೂ ಕೈಯಲ್ಲಿರಬೇಕು.

ಕೊನೆಯದಾಗಿ, ತಮ್ಮಿಂದ ಒಂದು ಲಿಖಿತ ಆದೇಶ ಬೇಕು. ಕಳೆದ ಪುಸ್ತಕದ ಹಣ ತಮ್ಮ ಕೈಯಿಂದ ಹೋಗುತ್ತದೆ ಎಂಬ ಭಯವಿದ್ದರೆ ಯಾವ ಮೇಲ್ವಿಚಾರಕರೂ ಬೀರುವಿನ ಬೀಗ ತೆಗೆಯುವುದಿಲ್ಲ. ಓದಿ ಹರಿದದ್ದು, ಮಳೆಗೆ ಹಾಳಾದದ್ದು, ಮರಳಿ ಬಾರದ್ದು ಎಂದು ವರ್ಷಕ್ಕೆ ಇಂತಿಷ್ಟು ಪುಸ್ತಕಗಳನ್ನು ದಾಸ್ತಾನಿನಿಂದ ತೆಗೆಯಲು ಅವರಿಗೆ ಅನುಮತಿ ಕೊಡಿ.

ಇಂತಿ,
ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಓದುಗರು