ಲಂಡನ್ನಿನಲ್ಲಿ ಹುಲಿ ನೋಡಿದೆ ಕಣೋ

ಪ್ರೀತಿಯ ಗೆಳೆಯ,

ಲಂಡನ್ನಿಗೆ ಬಂದು ಏಳು ತಿಂಗಳಾಯಿತು. ಪ್ರತಿ ಸಲ "ಏನೇನು ನೋಡಿದೆ?" ಅಂತ ಕೇಳುತ್ತೀಯ, ನಾನು ನಾಲ್ಕು ಫೋಟೋ ಕಳಿಸಿ ಸುಮ್ಮನಾಗುತ್ತೇನೆ. ಈ ಸಲ ಫೋಟೋ ಇಲ್ಲ. ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ಛತ್ರಿ ವಿಷಯ ಎತ್ತುವುದಿಲ್ಲ, ಆಣೆ.

ಇಲ್ಲಿ ದೊಡ್ಡ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಶನಿವಾರ ಬಂತೆಂದರೆ ಹೊರಟುಬಿಡುತ್ತೇನೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೊಸೆಟ್ಟಾ ಕಲ್ಲು ಅಂತ ಹಳೇ ಈಜಿಪ್ಟಿನ ಒಂದು ಶಾಸನವಿದೆ, ಅದರ ಮುಂದೆ ಯಾವಾಗಲೂ ಜನ. ಎಲ್ಲರೂ ಅದರ ಮೂರು ಲಿಪಿಗಳ ಫೋಟೋ ತೆಗೆಯುತ್ತಾರೆ. ನೀನು ಬಂದರೆ ಪಕ್ಕಕ್ಕೆ ಹೋಗಿ ಅಂಚು ನೋಡು. 1801ರಲ್ಲಿ ಬ್ರಿಟಿಷ್ ಸೇನೆ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಕಲ್ಲಿನ ಮೇಲೇ! ಆ ಕಲ್ಲು ಈಜಿಪ್ಟಿನಲ್ಲಿ ಸಿಕ್ಕಿದ್ದು 1799ರ ಜುಲೈನಲ್ಲಿ. ಆ ಇಸವಿ ನೆನಪಿಟ್ಟುಕೋ.

ಯಾಕೆಂದರೆ ಹುಲಿ ಬ್ರಿಟಿಷರ ಕೈಗೆ ಸಿಕ್ಕಿದ್ದೂ ಆ ವರ್ಷವೇ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆಯಲ್ಲ, ಅದು. (ಟಿಪ್ಪು ಬಗ್ಗೆ ಹಾಸ್ಟೆಲಿನಲ್ಲಿ ಬೆಳಗಿನ ತನಕ ಜಗಳವಾಡಿದ್ದು ಸಾಕು, ಮತ್ತೆ ಬೇಡ.) ಮರದ ಹುಲಿ, ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು. ಕೆಂಪು ಕೋಟಿನ ಬಿಳಿಯನೊಬ್ಬ ಅಂಗಾತ ಬಿದ್ದಿದ್ದಾನೆ. ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಪಕ್ಕೆಯೊಳಗೆ ದಂತದ 18 ಗುಂಡಿಗಳಿವೆ, ಒತ್ತಿ ನುಡಿಸಬಹುದಿತ್ತು. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಗಾಳಿಯೂದುತ್ತದೆ. ಹುಲಿ ಗುರುಗುಡುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದು ಅರಮನೆಯಲ್ಲಿ ಸಿಕ್ಕಿತು. ಈಸ್ಟ್ ಇಂಡಿಯಾ ಕಂಪನಿಯವರು ಲಂಡನ್ನಿನ ತಮ್ಮ ಕಚೇರಿಗೆ ಸಾಗಿಸಿದರು. ಒಂದು ಕಾಲದಲ್ಲಿ ಬಂದವರೆಲ್ಲ ಹಿಡಿಕೆ ತಿರುಗಿಸಿ, ಅಲ್ಲೇ ಗ್ರಂಥಾಲಯದಲ್ಲಿ ಓದುವವರ ತಲೆ ಕೆಡಿಸುತ್ತಿದ್ದರಂತೆ. ಈಗ ಗಾಜಿನೊಳಗಿದೆ. ಸದ್ದಿಲ್ಲ.

ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ, ಜೊತೆಗೆ ಅವನ ಅಪ್ಪ. ಅಪ್ಪ ಫಲಕ ಓದಿ ಹೇಳುತ್ತಿದ್ದರು, ಊರಿನ ಹೆಸರಿಗೆ ಬಂದಾಗ ನಾಲಿಗೆ ತೊಡರಿತು. ನಾನು ಹೇಳಿಕೊಟ್ಟೆ. ಹುಡುಗ ತಕ್ಷಣ, "ನೀವು ಅಲ್ಲಿಗೆ ಹೋಗಿದ್ದೀರಾ?" ಅಂದ. ಹೌದು ಅಂದೆ. "ಅಲ್ಲಿ ಏನಿದೆ?"

ನನಗೆ ಉತ್ತರ ಬರಲಿಲ್ಲ ಕಣೋ.

ಹೋಗಿದ್ದು ನಿಜ. ನನಗಾಗ ಹದಿನಾರು. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಮೇಲೆ, ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ, ಬಾ ತೋರಿಸುತ್ತೇನೆ ಅಂದರು ಅಪ್ಪ. ಬಿಸಿಲು ಜಾಸ್ತಿ, ನೀವೇ ನೋಡಿ ಬನ್ನಿ ಅಂದೆ. ಮರದ ಕೆಳಗೆ ಮೊಬೈಲ್ ಹಿಡಿದು ಕೂತೆ. ಅಪ್ಪ ಒಬ್ಬರೇ ಒಳಗೆ ಹೋದರು. ಬೇಗ ಬಂದುಬಿಟ್ಟರು. ಏನೂ ಅನ್ನಲಿಲ್ಲ. ಅದೇ ನಾನು ಇಲ್ಲಿ ಗಾಜಿನ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ.

ಈಗ ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಿನಗೆ ಗೊತ್ತಲ್ಲ. ಆ ರಾತ್ರಿ ಫೋನ್ ಮಾಡಿ ಹುಲಿ ವಿಷಯ ಹೇಳಲು ಹೊರಟೆ. ಅವರು ಖುಷಿಯಾಗಿ "ಹೌದೇನೋ? ಹತ್ತಿರದಿಂದ ನೋಡಿದೆಯಾ?" ಅಂದರು. ಗಂಟಲು ಕಟ್ಟಿತು. ನೆಟ್‌ವರ್ಕ್ ಸರಿಯಿಲ್ಲ ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ. ಇದನ್ನೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ.

ಇರಲಿ ಬಿಡು. ರಜೆಗೆ ಬರುತ್ತೇನೆ. ನಿನ್ನ ಕಾರು ತಯಾರಿಟ್ಟಿರು. ಅಪ್ಪನನ್ನು ಕೂರಿಸಿಕೊಂಡು ಹೋಗೋಣ. ಆ ಗೋಡೆ ಮುಂದೆ ಅವರ ಪಕ್ಕ ನಿಂತು ನಾನೇ ಹೇಳುತ್ತೇನೆ: ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ದಂಡನಾಯಕ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಕುದುರೆಗಳು, ಒಂದೊಂದಾಗಿ. ಅವರು ಸಾಕು ಅನ್ನುವ ತನಕ.

ದಾರಿಯಲ್ಲಿ ನೀನು ಹಾಡಬಹುದು, ಆದರೆ ಮೂರನೇ ಪದ್ಯ ಬೇಡ. ಅಪ್ಪ ಇರುತ್ತಾರೆ. ಮತ್ತೆ, ಬಿಸಿಲಿದ್ದರೂ ಪರವಾಗಿಲ್ಲ, ಛತ್ರಿ ತಾ.

ನಿನ್ನವನು