ಚುಕ್ಕಿ ಈಗ 740 ಗ್ರಾಂ

ನಮ್ಮ ಮೂರು ಬೆಕ್ಕಿನ ಮರಿಗಳಿಗೂ ನಿನ್ನೆ ಎಂಟು ವಾರ ತುಂಬಿತು. ಮೊದಲ ಲಸಿಕೆ ಹಾಕಿಸಿಕೊಂಡು ಬಂದು, ಹೊಟ್ಟೆ ತುಂಬ ತಿಂದು, ಒಂದರ ಮೇಲೊಂದು ಬಿದ್ದು ಮಲಗಿವೆ. ದೊಡ್ಡವೆರಡೂ 850 ಗ್ರಾಂ ದಾಟಿವೆ, ಚುಕ್ಕಿ 740. ತಾಯಿಬೆಕ್ಕು ಹೋದದ್ದು, ಕಣ್ಣು ಬಿಡದ ಮರಿಗಳು ನಮ್ಮ ಕೈಸೇರಿದ್ದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ. ಯಾರ ಋಣ ಎಷ್ಟಿದೆ ಅನ್ನುವುದನ್ನು ಮಾತ್ರ ಹೇಳಿಕೊಳ್ಳಬೇಕು.

ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿಯನ್ನು ಹುಡುಕಿ ತಂದುಕೊಟ್ಟವರು, ಹಳೆಯ ಟವೆಲ್‌ಗಳನ್ನು ಒಗೆದು ಮಡಿಸಿ ಕಳಿಸಿದವರು, ಮಧ್ಯಾಹ್ನದ ಪಾಳಿ ಹಂಚಿಕೊಂಡ ಇಬ್ಬರು, ಎರಡು, ನಾಲ್ಕು, ಆರನೇ ವಾರಗಳಲ್ಲಿ ತೂಕಕ್ಕೆ ತಕ್ಕಂತೆ ಜಂತುಹುಳದ ಔಷಧ ಕೊಟ್ಟ ವೈದ್ಯರು, ನಿಮಗೆಲ್ಲ ಮನಸಾರೆ ನಮಸ್ಕಾರ. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಕೊಟ್ಟ ಗೆಳೆಯನಿಗೆ ಇನ್ನೊಂದು ಮಾತು. ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಏರದಿದ್ದರೆ ನಮ್ಮ ಕಣ್ಣಿಗಿಂತ ಮೊದಲು ತಕ್ಕಡಿಗೆ ಗೊತ್ತಾಗುತ್ತದೆ. ಚುಕ್ಕಿ ಸೊರಗುತ್ತಿದೆ ಅಂತ ಮೊದಲು ಹೇಳಿದ್ದೂ ನಿನ್ನ ತಕ್ಕಡಿಯೇ. ನಾಲ್ಕನೇ ದಿನ ಬೆಳಗ್ಗೆ 97, ಐದನೇ ದಿನ ಬೆಳಗ್ಗೆ 92.

ಉಳಿದದ್ದೆಲ್ಲ ಎದುರುಮನೆಯ ಅಕ್ಕನಿಗೆ.

ಅಕ್ಕಾ, ಆ ಐದನೇ ದಿನದ ರಾತ್ರಿ ನೀವು ಬಂದಾಗ ಹಾಲು ತುಂಬಿದ ಸಿರಿಂಜು ಸಿದ್ಧವಾಗಿತ್ತು. ನೀವು ಮೊದಲು ಮಾಡಿದ್ದು ಅದನ್ನು ಕಿತ್ತು ಪಕ್ಕಕ್ಕಿಟ್ಟದ್ದು. ಆಮೇಲೆ ಕಿರುಬೆರಳನ್ನು ಚುಕ್ಕಿಯ ಬಾಯೊಳಗೆ ಇಟ್ಟು ನೋಡಿದಿರಿ. ಬಾಯಿ ತಣ್ಣಗಿತ್ತು, ನಾಲಿಗೆ ಬೆರಳನ್ನು ಸುತ್ತಿಕೊಳ್ಳಲಿಲ್ಲ. ಥರ್ಮಾಮೀಟರಿನ ತುದಿಗೆ ವ್ಯಾಸಲಿನ್ ಸವರಿ ಗುದದಲ್ಲಿಟ್ಟು ನೋಡಿದರೆ 33.4 ಡಿಗ್ರಿ ಸೆಲ್ಸಿಯಸ್. ಮೊದಲ ವಾರದ ಮರಿಗೆ 35ರಿಂದ 37 ಇರಬೇಕು. ‘ಹಾಲಲ್ಲ, ಮೊದಲು ಬಿಸಿ’ ಅಂದಿರಿ. 35ಕ್ಕಿಂತ ಕೆಳಗಿಳಿದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ಕೊಟ್ಟ ಹಾಲು ಹೊಟ್ಟೆಯಲ್ಲೇ ನಿಂತು ಕೆಡುತ್ತದೆ, ಚೀಪುವ ಶಕ್ತಿಯೂ ಇಲ್ಲದ್ದರಿಂದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ ಅಂತ ಬಿಡಿಸಿ ಹೇಳಿದ್ದು ಆಮೇಲೆ, ಚುಕ್ಕಿ ಆಗಲೇ ನಿಮ್ಮ ಎದೆಗೆ ಅಂಟಿಕೊಂಡಿದ್ದಾಗ.

ಬಿಸಿ ಮಾಡುವುದಕ್ಕೂ ಅವಸರ ಪಡಬಾರದು ಅನ್ನುವುದು ನಮಗೆ ಗೊತ್ತಿರಲಿಲ್ಲ. ಹೇರ್ ಡ್ರೈಯರ್ ತಂದಾಗ ಬೇಡವೆಂದಿರಿ. ಒಮ್ಮೆಲೇ ಕಾಯಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಅಂಗಗಳಿಗೆ ಹೋಗಬೇಕಾದ ರಕ್ತ ಹೊರಕ್ಕೆ ಹರಿದು, ಬದುಕಬಹುದಾದ ಮರಿಯೂ ಹೋಗಿಬಿಡುತ್ತದೆ. ಹಾಗಾಗಿ ಎರಡು ಸುತ್ತು ಟವೆಲ್ ಸುತ್ತಿದ ಬಿಸಿನೀರಿನ ಚೀಲ, ಅದೂ ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ. ಉಳಿದ ಎರಡು ಮರಿಗಳಿಗೆ ಸೆಕೆಯಾದರೆ ಸರಿದುಕೊಳ್ಳಲು ಇನ್ನರ್ಧ ಜಾಗ ಬೇಕು. ಚುಕ್ಕಿಯನ್ನು ಅಂಗಿಯೊಳಗೆ ಮೈಗೆ ಮೈ ತಾಗಿಸಿ ಇಟ್ಟುಕೊಂಡು, ಆಗಾಗ ಮಗ್ಗುಲು ಬದಲಿಸುತ್ತಾ, ಸಕ್ಕರೆ ನೀರಿನಲ್ಲಿ ಅದ್ದಿದ ಬೆರಳ ತುದಿಯನ್ನು ಒಸಡಿಗೆ ಸವರುತ್ತಾ ಕೂತಿರಿ. ತೊಟ್ಟು ಬಿಡುವುದಲ್ಲ, ಬರೀ ಸವರುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್. 33.9. 34.3. ಒಂದು ಗಂಟೆಯಾದರೂ 34.6ರಲ್ಲೇ ನಿಂತಾಗ ನಮಗೆಲ್ಲ ಕೈಕಾಲು ಬಿದ್ದುಹೋಗಿತ್ತು. ನೀವು ಎದ್ದು ಚೀಲದ ನೀರು ಬದಲಿಸಿ ಬಂದು ಮತ್ತೆ ಕೂತಿರಿ.

ಎರಡೂವರೆಗೆ 35.8. ಬೆರಳಿಟ್ಟರೆ ನಾಲಿಗೆ ಸುತ್ತಿಕೊಂಡಿತು. ಆಗ ಸಿರಿಂಜು ಕೈಗೆತ್ತಿಕೊಂಡಿರಿ. ಅಷ್ಟೇ ನೀರು ಬೆರೆಸಿ ತೆಳು ಮಾಡಿದ ಹಾಲು, ಮಣಿಕಟ್ಟಿನ ಮೇಲೆ ಬಿಟ್ಟರೆ ಉಗುರುಬೆಚ್ಚಗೆ, ಒಟ್ಟು 1 ಮಿಲಿಲೀಟರ್. ಮರಿ ಬೋರಲಾಗಿ, ತಲೆ ಮಾತ್ರ ಸ್ವಲ್ಪ ಎತ್ತಿ. ಒಂದು ಗುಟುಕು, ತಡೆ, ಇನ್ನೊಂದು ಗುಟುಕು. ಗಂಟಲಿನ ಕೆಳಗೆ ಅಷ್ಟು ಚಿಕ್ಕದಾಗಿ ಏನೋ ಏರಿ ಇಳಿದದ್ದನ್ನು ಟಾರ್ಚ್ ಬೆಳಕಿನಲ್ಲಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಗೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿ ಉಚ್ಚೆ ಮಾಡಿಸಿದಿರಿ. ಸುಮಾರು ಮೂರು ವಾರದವರೆಗೆ ತಾಯಿ ನೆಕ್ಕದೆ ಮರಿಗಳಿಗೆ ಅದು ತಾನಾಗಿ ಬರುವುದಿಲ್ಲ.

ನಾಲ್ಕನೇ ಮರಿಯ ಮಾತು ಇಲ್ಲಿ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಎರಡನೇ ದಿನ ಅದು ಕೂಗುತ್ತಿತ್ತು. ಹಸಿವು ಅಂದುಕೊಂಡೆವು. ಮೈ ತಣ್ಣಗಿದ್ದದ್ದು ಗೊತ್ತಾಗಲಿಲ್ಲ, ಮಗುವಿನ ಹಾಗೆ ಅಂಗಾತ ಮಲಗಿಸಿಕೊಂಡು ಹಾಲು ಕೊಟ್ಟೆವು. ಮೂಗಿನಲ್ಲಿ ಹಾಲಿನ ಗುಳ್ಳೆ ಬಂತು. ಸಂಜೆಯೊಳಗೆ ನಮ್ಮ ಅಂಗೈಯಲ್ಲೇ ಹೋಯಿತು. ‘ಗೊತ್ತಿಲ್ಲದೆ ಆದದ್ದು ಬಿಡಿ’ ಅಂದರು ಎಲ್ಲರೂ. ಅಕ್ಕಾ, ನೀವೊಬ್ಬರು ಹಾಗನ್ನಲಿಲ್ಲ. ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇದೆ ಅಂತ ಕೇಳಿದಿರಿ. ಮೊದಲ ವಾರ 30ರಿಂದ 32 ಬೇಕು ಅಂದಿರಿ. ಉಳಿದ ಮೂರಕ್ಕೆ ಏನು ಮಾಡಬೇಕು ಅನ್ನುವುದನ್ನಷ್ಟೇ ಮಾತಾಡಿದಿರಿ. ಆ ಹೊತ್ತಿಗೆ ನಮಗೆ ಬೇಕಾಗಿದ್ದದ್ದು ಅದೇ ಇರಬೇಕು.

ಗೋಡೆಗೆ ನೀವು ಅಂಟಿಸಿ ಹೋದ ಹಾಳೆ ಇನ್ನೂ ಹಾಗೇ ಇದೆ. ಹೊತ್ತು, ತೂಕ, ಹಾಲು, ಉಚ್ಚೆ, ಕಕ್ಕಸು, ಐದು ಸಾಲು. ಪ್ರತಿ 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ 4 ಮಿಲಿಲೀಟರ್, ಅದಕ್ಕಿಂತ ಹೆಚ್ಚು ಚಿಕ್ಕ ಹೊಟ್ಟೆ ತಡೆಯುವುದಿಲ್ಲ, ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ. ನಿಪ್ಪಲ್ ತೂತು ಎಷ್ಟಿರಬೇಕೆಂದರೆ ಬಾಟಲಿ ತಲೆಕೆಳಗು ಮಾಡಿದಾಗ ಹಾಲು ತೊಟ್ಟುತೊಟ್ಟಾಗಿ ನಿಧಾನ ಬೀಳಬೇಕು, ಧಾರೆಯಾದರೆ ಆ ನಿಪ್ಪಲ್ ಬಿಸಾಡಬೇಕು. ಹಸುವಿನ ಹಾಲು ಬೇಡ ಅಂತ ಎರಡು ಗೆರೆ ಎಳೆದು ಬರೆದಿದ್ದಿರಿ, ಅದರಲ್ಲಿ ಮರಿಗೆ ಬೇಕಾದಷ್ಟು ಪ್ರೋಟೀನೂ ಕೊಬ್ಬೂ ಇಲ್ಲ, ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಹೆಚ್ಚು, ಭೇದಿ ಹಿಡಿದರೆ ಒಂದೇ ದಿನದಲ್ಲಿ ಮೈಯ ನೀರೆಲ್ಲ ಆರಿಹೋಗುತ್ತದೆ. ನಾಲ್ಕನೇ ವಾರ ತಟ್ಟೆಯಲ್ಲಿ ಹಾಲಿಗೆ ಕಲಸಿದ ಮೆತ್ತನೆಯ ಆಹಾರ ಇಟ್ಟಾಗ ಚುಕ್ಕಿಯೇ ಮೊದಲು ನಾಲ್ಕೂ ಕಾಲು ಊರಿ ಒಳಗಿಳಿದದ್ದು ನೀವು ನೋಡಲಿಲ್ಲ. ಆ ದಿನ ನೀವು ಊರಲ್ಲಿರಲಿಲ್ಲ.

ನಿಮ್ಮ ಬಿಸಿನೀರಿನ ಚೀಲವೂ ಥರ್ಮಾಮೀಟರೂ ನಮ್ಮಲ್ಲೇ ಉಳಿದಿವೆ. ಎರಡನ್ನೂ ತೊಳೆದು ಒರೆಸಿ ಇಟ್ಟಿದ್ದೇವೆ. ಭಾನುವಾರ ತಂದುಕೊಡುತ್ತೇವೆ, ಚುಕ್ಕಿಯನ್ನೂ ಎತ್ತಿಕೊಂಡು.